ಓಡುವ ತೋಳು, ಕಾಯುವ ಮಿದುಳು



ನಿಮ್ಮ ಶಾಲೆಯಲ್ಲೋ ಕಾಲೇಜಿನಲ್ಲೋ ಕಂಪ್ಯೂಟರ್ ಕೊಠಡಿ ಇದ್ದರೆ ಈ ಅನುಭವ ನಿಮಗೂ ಆಗಿರುತ್ತದೆ. ಗುಂಡಿ ಒತ್ತುತ್ತೀರಿ, ಪರದೆ ಬೆಳಗುತ್ತದೆ. ಅಲ್ಲಿಂದ ಮುಂದೆ ಕಾಯುವುದೇ ಕೆಲಸ. ಪೆಟ್ಟಿಗೆಯೊಳಗೆ ಏನೋ ಕರಕರ ಎನ್ನುತ್ತಿರುತ್ತದೆ. ಪರದೆಯ ಮೇಲಿನ ವೃತ್ತ ಸುತ್ತುತ್ತಲೇ ಇರುತ್ತದೆ.

ಕಳೆದ ವರ್ಷ ನಮ್ಮೂರಿನ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ನನಗೆ ಫೋನು ಮಾಡಿದರು. ಶಾಲೆಗೆ 2011ರಲ್ಲಿ ಬಂದ ಎಂಟು ಡೆಸ್ಕ್‌ಟಾಪ್‌ಗಳಿದ್ದವು. "ಎಲ್ಲವನ್ನೂ ವಿಲೇವಾರಿ ಮಾಡಿಬಿಡೋಣ ಅಂತಿದ್ದೇವೆ ಸಾರ್. ನೀವು ವಿಜ್ಞಾನ ಓದಿದವರು, ಒಂದು ಸಲ ಬಂದು ನೋಡಿ ಹೇಳಿ" ಎಂದರು. ಹೊಸದು ಯಾವಾಗ ಬರುತ್ತದೆ ಎಂಬುದಕ್ಕೆ ಅವರ ಬಳಿ ಉತ್ತರವಿರಲಿಲ್ಲ. ನಾನು ಹೋಗಿ ಗಡಿಯಾರ ಹಿಡಿದು ಕೂತೆ. ಗುಂಡಿ ಒತ್ತಿದ ಮೇಲೆ ಒಂದು ಕಡತ ತೆರೆಯುವ ಹೊತ್ತಿಗೆ ಆರು ನಿಮಿಷ ಕಳೆದಿತ್ತು. ಒಂದು ಪೀರಿಯಡ್ಡಿಗೆ ಇರುವುದೇ 40 ನಿಮಿಷ. ಪಕ್ಕದಲ್ಲಿ ನಿಂತಿದ್ದ ಒಂಬತ್ತನೆಯ ತರಗತಿಯ ಹುಡುಗ ಹೇಳಿದ: "ಇದಕ್ಕೆ ವಯಸ್ಸಾಯ್ತು ಸಾರ್, ತಲೆ ಓಡಲ್ಲ."

ಆ ಹುಡುಗನ ಮಾತು ಸರಿಯೇ? ವಯಸ್ಸಾದದ್ದು ಗಣಕದ ಯಾವ ಭಾಗಕ್ಕೆ? ಇದಕ್ಕೆ ಉತ್ತರ ಸಿಗಬೇಕಾದರೆ ನಾವು ಸುಮಾರು ಎಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಸುರುಳಿಯ ಕಾಲ

ಗಣಕಕ್ಕೆ ಎರಡು ಬಗೆಯ ನೆನಪು ಬೇಕು. ಒಂದು, ಲೆಕ್ಕ ಮಾಡುವಾಗ ಕೈಗೆಟುಕುವಂತೆ ಇಟ್ಟುಕೊಳ್ಳುವ ತಾತ್ಕಾಲಿಕ ನೆನಪು. ಇನ್ನೊಂದು, ವಿದ್ಯುತ್ ಹೋದರೂ ಉಳಿಯುವ ಶಾಶ್ವತ ನೆನಪು. ನಮ್ಮ ಕಥೆ ಎರಡನೆಯದರದು. 1950ರ ದಶಕದ ಆರಂಭದಲ್ಲಿ ಈ ಕೆಲಸಕ್ಕೆ ಇದ್ದವು ಮುಖ್ಯವಾಗಿ ರಂಧ್ರ ಕೊರೆದ ಕಾರ್ಡುಗಳು ಮತ್ತು ಕಾಂತೀಯ ಟೇಪುಗಳು.

ಟೇಪಿನ ಕಷ್ಟ ದೂರದರ್ಶನದವರಿಗೆ ಹೊಸದಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಂಕಲನದ ಕೊಠಡಿಯಲ್ಲಿ ಟೇಪುಗಳದೇ ರಾಜ್ಯ. ಒಂದು ದೃಶ್ಯ ಟೇಪಿನ ಕೊನೆಯಲ್ಲಿದ್ದರೆ ಅಲ್ಲಿಯವರೆಗೂ ಓಡಿಸಬೇಕು. ಮುಂದಿನ ದೃಶ್ಯ ಮೊದಲಲ್ಲಿದ್ದರೆ ಮತ್ತೆ ಹಿಂದಕ್ಕೆ ಸುತ್ತಬೇಕು. ದೃಶ್ಯ ಹತ್ತು ಸೆಕೆಂಡಿನದು, ಸುತ್ತುವುದು ಎರಡು ನಿಮಿಷ. ಅಂದಿನ ಗಣಕಗಳ ಪಾಡೂ ಇದೇ ಆಗಿತ್ತು. ಒಬ್ಬ ಗ್ರಾಹಕನ ಲೆಕ್ಕ ಬೇಕಾದರೂ ಅವನಿಗಿಂತ ಮುಂಚಿನವರೆಲ್ಲರ ಲೆಕ್ಕವನ್ನು ದಾಟಿಕೊಂಡು ಹೋಗಬೇಕಿತ್ತು.

ಮೇಷ್ಟ್ರು ಕಟ್ಟಿಸಿದ ಯಂತ್ರ

ಈ ಕಷ್ಟವನ್ನು ಕಳೆದ ತಂಡದ ನಾಯಕ ರೆನಾಲ್ಡ್ ಜಾನ್ಸನ್. ಆತ ಮೊದಲು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರಾಗಿದ್ದವರು. ಮಕ್ಕಳ ಉತ್ತರ ಪತ್ರಿಕೆ ತಿದ್ದುವ ಬೇಸರದ ಕೆಲಸಕ್ಕೆ ಅವರೊಂದು ಯಂತ್ರ ಮಾಡಿದರು. ಪೆನ್ಸಿಲಿನ ಗ್ರಾಫೈಟ್ ವಿದ್ಯುತ್ತನ್ನು ಹರಿಯಬಿಡುತ್ತದೆ ಎಂಬುದನ್ನು ನೀವು ಓದಿದ್ದೀರಿ. ಅದನ್ನೇ ಬಳಸಿ, ಕಾಗದದ ಮೇಲೆ ಪೆನ್ಸಿಲ್ ಗುರುತು ಎಲ್ಲಿದೆ ಎಂದು ಆ ಯಂತ್ರ ಪತ್ತೆ ಮಾಡುತ್ತಿತ್ತು. ಆ ಆವಿಷ್ಕಾರದಿಂದಾಗಿ 1934ರಲ್ಲಿ ಐಬಿಎಂ ಸಂಸ್ಥೆ ಅವರನ್ನು ಕೆಲಸಕ್ಕೆ ಕರೆದುಕೊಂಡಿತು. 1950ರ ದಶಕದಲ್ಲಿ ಅದೇ ಸಂಸ್ಥೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಹೊಸ ಪ್ರಯೋಗಾಲಯ ಕಟ್ಟುವ ಹೊಣೆಯನ್ನು ಅವರಿಗೆ ವಹಿಸಿತು.

ಜಾನ್ಸನ್ ತಂಡ ಟೇಪನ್ನು ಬಿಟ್ಟು ತಟ್ಟೆಯನ್ನು ಹಿಡಿಯಿತು. ಗ್ರಾಮಫೋನಿನಲ್ಲಿ ಮುಳ್ಳನ್ನು ಎತ್ತಿ ಬೇಕಾದ ಹಾಡಿನ ಮೇಲೆ ನೇರವಾಗಿ ಇಡಬಹುದಲ್ಲವೇ? ಹಾಗೆಯೇ ಇದು. 1956ರಲ್ಲಿ ಐಬಿಎಂ ಪ್ರಕಟಿಸಿದ ರಾಮ್ಯಾಕ್ ಗಣಕದ ಜೊತೆ ಈ ಹೊಸ ಸಾಧನ ಬಂತು. ಕಾಂತೀಯ ಲೇಪವಿದ್ದ, 24 ಅಂಗುಲ ಅಗಲದ 50 ಲೋಹದ ತಟ್ಟೆಗಳು ಒಂದೇ ಕಂಬದ ಮೇಲೆ ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದವು. ಒಂದು ತೋಳು ಮೇಲೆ ಕೆಳಗೆ ಚಲಿಸಿ, ಬೇಕಾದ ತಟ್ಟೆಯ ಎದುರು ನಿಂತು, ಒಳಕ್ಕೆ ಸರಿದು ಓದುತ್ತಿತ್ತು. ಹೆಡ್ಡು ತಟ್ಟೆಗೆ ತಾಗದಂತೆ ನಡುವೆ ಗಾಳಿಯನ್ನು ಊದುತ್ತಿದ್ದರು. ಇಡೀ ಸಾಧನದ ತೂಕ ಸುಮಾರು ಒಂದು ಟನ್. ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಬೇಕಾದ ಮಾಹಿತಿಯನ್ನು ತಲುಪಲು ಸರಾಸರಿ 600 ಮಿಲಿಸೆಕೆಂಡ್, ಎಂದರೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಸಮಯ ಸಾಕಾಗುತ್ತಿತ್ತು. ಟೇಪು ಸುತ್ತಿ ಸುಸ್ತಾದವರಿಗೆ ಇದು ಮಾಯೆಯಂತೆ ಕಂಡಿರಬೇಕು.

ನೀವು ಹಾರ್ಡ್ ಡಿಸ್ಕ್ ಎಂದು ಕರೆಯುವ ವಸ್ತುವಿನ ಮೂಲಪುರುಷ ಇದೇ.

ಗಾತ್ರ ಕುಗ್ಗಿತು, ಓಟ ತಪ್ಪಲಿಲ್ಲ

ಮುಂದಿನ ಐವತ್ತು ವರ್ಷ ಇಂಜಿನಿಯರುಗಳು ಈ ತಟ್ಟೆ ಮತ್ತು ತೋಳನ್ನು ಕಿರಿದು ಮಾಡುತ್ತ ಹೋದರು. 1973ರ ವಿಂಚೆಸ್ಟರ್ ಮಾದರಿಯಲ್ಲಿ ತಟ್ಟೆ ಮತ್ತು ಹೆಡ್ಡುಗಳನ್ನು ಧೂಳು ಹೋಗದಂತೆ ಒಂದೇ ಡಬ್ಬಿಯಲ್ಲಿ ಮುಚ್ಚಿದರು. 1980ರಲ್ಲಿ ಸೀಗೇಟ್ ಸಂಸ್ಥೆ ಐದೂಕಾಲು ಅಂಗುಲದ ಡಿಸ್ಕನ್ನು ತಂದಿತು. ಅದರ ಸಾಮರ್ಥ್ಯ 5 ಮೆಗಾಬೈಟ್. ಒಂದು ಟನ್ ತೂಕದ ಯಂತ್ರ ಹಿಡಿಸಿದ್ದಷ್ಟನ್ನು 24 ವರ್ಷಗಳ ನಂತರ ಒಬ್ಬನೇ ಕೈಯಲ್ಲಿ ಹಿಡಿದುಕೊಂಡು ಹೋಗಬಹುದಿತ್ತು. 1983ರಲ್ಲಿ ಐಬಿಎಂನ ಪಿಸಿ ಎಕ್ಸ್‌ಟಿ ಗಣಕ 10 ಮೆಗಾಬೈಟಿನ ಡಿಸ್ಕಿನೊಂದಿಗೆ ಮೇಜಿನ ಮೇಲೆ ಕೂತಿತು.

ಭೌತವಿಜ್ಞಾನಿಗಳೂ ಕೈಜೋಡಿಸಿದರು. 1988ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫರ್ಟ್ ಮತ್ತು ಜರ್ಮನಿಯ ಪೀಟರ್ ಗ್ರೂನ್‌ಬರ್ಗ್ ಬೇರೆ ಬೇರೆಯಾಗಿ ಒಂದು ಪರಿಣಾಮವನ್ನು ಕಂಡರು. ಅತಿ ತೆಳುವಾದ ಲೋಹದ ಪದರಗಳ ವಿದ್ಯುತ್ ರೋಧ, ಕಾಂತಕ್ಷೇತ್ರ ಬದಲಾದಾಗ ಬಹಳವಾಗಿ ಬದಲಾಗುತ್ತದೆ. ಇದನ್ನು ಬಳಸಿ ಮಾಡಿದ ಹೆಡ್ಡುಗಳು 1990ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂದವು. ಕಾಂತೀಯ ಗುರುತು ಎಷ್ಟೇ ಸಣ್ಣದಾದರೂ ಅವು ಓದಬಲ್ಲವಾಗಿದ್ದವು. ಡಿಸ್ಕಿನ ಸಾಮರ್ಥ್ಯ ಜಿಗಿಯಿತು. ಇಬ್ಬರಿಗೂ 2007ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಈಗ ನಮ್ಮ ಶಾಲೆಯ 2011ರ ಗಣಕಕ್ಕೆ ಬರೋಣ. ಅದರಲ್ಲಿದ್ದದ್ದು 500 ಗಿಗಾಬೈಟಿನ ಡಿಸ್ಕ್. ರಾಮ್ಯಾಕಿನ 50 ಲಕ್ಷ ಅಕ್ಷರಕ್ಕೆ ಹೋಲಿಸಿದರೆ ಒಂದು ಲಕ್ಷ ಪಟ್ಟು. ಹುಡುಕುವ ವೇಗವೂ ಹಾಗೆಯೇ ಬೆಳೆದಿತ್ತೇ? ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ 4.2 ಮಿಲಿಸೆಕೆಂಡ್ ಕಾಯಬೇಕು. ತೋಳು ಸರಿಯಾದ ವರ್ತುಲಕ್ಕೆ ಸರಿಯಲು ಇನ್ನೊಂದು 8 ಅಥವಾ 9 ಮಿಲಿಸೆಕೆಂಡ್. ಒಟ್ಟು ಸುಮಾರು 13. ಅಂದರೆ 600ರಿಂದ 13ಕ್ಕೆ ಇಳಿದಿದೆ. ಐವತ್ತೈದು ವರ್ಷದಲ್ಲಿ ಉಗ್ರಾಣ ಲಕ್ಷ ಪಟ್ಟು ದೊಡ್ಡದಾಯಿತು, ಉಗ್ರಾಣದಿಂದ ಸಾಮಾನು ತಂದುಕೊಡುವವನ ಕಾಲು 46 ಪಟ್ಟು ಮಾತ್ರ ಚುರುಕಾಯಿತು!

ಇನ್ನೂ ಜೋರಾಗಿ ತಿರುಗಿಸಬಾರದೇ ಎಂದು ನೀವು ಕೇಳಬಹುದು. ತಿರುಗಿಸಿದರು. 2000ದ ಹೊತ್ತಿಗೆ ದೊಡ್ಡ ಸಂಸ್ಥೆಗಳ ಸರ್ವರ್‌ಗಳಿಗಾಗಿ ನಿಮಿಷಕ್ಕೆ 15,000 ಸುತ್ತಿನ ಡಿಸ್ಕುಗಳು ಬಂದವು. ಶಾಖ, ಸದ್ದು, ಕಂಪನ, ಬೆಲೆ ಎಲ್ಲವೂ ಏರಿದವು. ಅರ್ಧ ಸುತ್ತಿನ ಕಾಯುವಿಕೆ ಇಳಿದದ್ದು 2 ಮಿಲಿಸೆಕೆಂಡಿಗೆ ಮಾತ್ರ. ತೂಕವಿರುವ ವಸ್ತುವನ್ನು ಓಡಿಸಿ ನಿಲ್ಲಿಸಲು ಸಮಯ ಬೇಕೇ ಬೇಕು. ನ್ಯೂಟನ್ನನ ನಿಯಮಕ್ಕೆ ಗಣಕದಲ್ಲಿ ರಿಯಾಯಿತಿ ಇಲ್ಲ.

ಒಂದು ಸಣ್ಣ ಲೆಕ್ಕ

ಈ 13 ಮಿಲಿಸೆಕೆಂಡ್ ನಮಗೆ ಕಣ್ಣೆವೆ ಮುಚ್ಚುವಷ್ಟೂ ಅಲ್ಲ. ಗಣಕದ ಪ್ರೊಸೆಸರಿಗೆ ಅದೆಷ್ಟು? ಶಾಲೆಯ ಯಂತ್ರದ ಪ್ರೊಸೆಸರ್ ಸೆಕೆಂಡಿಗೆ ಸುಮಾರು 300 ಕೋಟಿ ಮಿಡಿತಗಳಲ್ಲಿ ಕೆಲಸ ಮಾಡುತ್ತದೆ. 13 ಮಿಲಿಸೆಕೆಂಡಿಗೆ 3 ಕೋಟಿ 90 ಲಕ್ಷ ಮಿಡಿತಗಳಾದವು. ಅದರ ಒಂದು ಮಿಡಿತವನ್ನು ನಮ್ಮ ಒಂದು ಸೆಕೆಂಡ್ ಎಂದು ಭಾವಿಸಿ. ಡಿಸ್ಕಿನಿಂದ ಒಂದು ತುಣುಕು ಮಾಹಿತಿ ಕೇಳಿದ ಪ್ರೊಸೆಸರ್ ಅದಕ್ಕಾಗಿ ಕಾಯುವ ಅವಧಿ ಸುಮಾರು ಒಂದು ವರ್ಷ ಮೂರು ತಿಂಗಳು!

ಗಣಕ ಆರಂಭವಾಗುವಾಗ ಇಂಥ ತುಣುಕುಗಳನ್ನು ಸಾವಿರಾರು ಸಲ ಕೇಳುತ್ತದೆ. ಅವು ತಟ್ಟೆಯ ಮೇಲೆ ಒಂದೆಡೆ ಇಲ್ಲ, ಚದುರಿಹೋಗಿವೆ. ಹತ್ತು ಸಾವಿರ ತುಣುಕು ಎಂದುಕೊಂಡರೂ 130 ಸೆಕೆಂಡ್, ಎರಡು ನಿಮಿಷಕ್ಕೂ ಮಿಗಿಲು, ತೋಳಿನ ಓಡಾಟಕ್ಕೇ ಹೋಯಿತು. ನೀವು ಕೇಳುವ ಕರಕರ ಸದ್ದು ಆ ತೋಳಿನದೇ. ನಮ್ಮೂರಿನ ಹುಡುಗ ತಲೆ ಓಡುವುದಿಲ್ಲ ಎಂದನಲ್ಲ? ತಲೆ ಚೆನ್ನಾಗಿಯೇ ಇತ್ತು. ಪಂಕ್ತಿಯಲ್ಲಿ ಎಲೆ ಹಾಕಿಕೊಂಡು, ಬಡಿಸುವವನ ದಾರಿ ನೋಡುತ್ತ ಕೂತಿತ್ತು.

ಸಿಲಿಕಾನಿನ ಸೆರೆಮನೆ

ಚಲಿಸುವ ಭಾಗವೇ ಇಲ್ಲದ ಶಾಶ್ವತ ನೆನಪು ಸಾಧ್ಯವೇ ಎಂಬ ಪ್ರಶ್ನೆ ಹಳೆಯದು. 1967ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡಾವಾನ್ ಕಾಂಗ್ ಮತ್ತು ಸೈಮನ್ ಝೀ ದಾರಿಯೊಂದನ್ನು ತೋರಿಸಿದರು. ಟ್ರಾನ್ಸಿಸ್ಟರಿನೊಳಗೆ ನಾಲ್ಕೂ ಕಡೆ ನಿರೋಧಕದಿಂದ ಸುತ್ತುವರಿದ ಒಂದು ಪುಟ್ಟ ದ್ವೀಪವನ್ನು ಕಲ್ಪಿಸಿಕೊಳ್ಳಿ. ಅದರೊಳಗೆ ಎಲೆಕ್ಟ್ರಾನುಗಳನ್ನು ತಳ್ಳಿದರೆ ಹೊರಬರಲು ದಾರಿಯಿಲ್ಲ. ವಿದ್ಯುತ್ ನಿಂತರೂ ಅವು ಅಲ್ಲೇ ಸೆರೆಯಲ್ಲಿರುತ್ತವೆ. ಎಲೆಕ್ಟ್ರಾನುಗಳು ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಸೊನ್ನೆ ಮತ್ತು ಒಂದು ಸಿಕ್ಕಿದಂತಾಯಿತು.

ಬರೆಯುವುದು ಸಾಧ್ಯವಾಯಿತು, ಅಳಿಸುವುದು ತೊಡಕಾಯಿತು. 1971ರಲ್ಲಿ ಇಂಟೆಲ್‌ನ ಡೋವ್ ಫ್ರೋಮನ್ ಮಾಡಿದ ಚಿಪ್ಪನ್ನು ಅಳಿಸಲು ಅದರ ನೆತ್ತಿಯ ಕಿಟಕಿಯ ಮೂಲಕ ಅತಿನೇರಳೆ ಬೆಳಕನ್ನು ಹಾಯಿಸಬೇಕಿತ್ತು. ಆಮೇಲೆ ವಿದ್ಯುತ್ತಿನಿಂದಲೇ ಅಳಿಸುವ ಚಿಪ್ಪುಗಳೂ ಬಂದವು. ಅವು ಒಂದೊಂದೇ ಬೈಟನ್ನು ಅಳಿಸುತ್ತಿದ್ದವು. ಅದಕ್ಕಾಗಿ ಪ್ರತಿ ಕೋಶಕ್ಕೂ ಹೆಚ್ಚುವರಿ ಟ್ರಾನ್ಸಿಸ್ಟರ್ ಬೇಕಾಗಿ ಬೆಲೆ ಏರುತ್ತಿತ್ತು.

ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕ ಈ ಗಂಟನ್ನು ಬಿಡಿಸಿದರು. ಒಂದೊಂದೇ ಅಕ್ಷರವನ್ನು ಯಾಕೆ ಅಳಿಸಬೇಕು? ಮೇಷ್ಟ್ರು ಬೋರ್ಡನ್ನು ಒರೆಸುವ ಹಾಗೆ ಒಂದು ಭಾಗವನ್ನು ಪೂರ್ತಿಯಾಗಿ ಒಂದೇ ಸಲ ಒರೆಸಿಬಿಟ್ಟರೆ ಕೋಶಕ್ಕೆ ಒಂದೇ ಟ್ರಾನ್ಸಿಸ್ಟರ್ ಸಾಕು. ಕ್ಷಣದಲ್ಲಿ ಎಲ್ಲವೂ ಅಳಿಯುವುದನ್ನು ಕಂಡ ಸಹೋದ್ಯೋಗಿ ಶೋಜಿ ಅರೀಜುಮಿ ಅವರಿಗೆ ಕ್ಯಾಮೆರಾದ ಫ್ಲಾಶ್ ನೆನಪಾಯಿತಂತೆ. ಹೀಗೆ ಫ್ಲಾಶ್ ಮೆಮೊರಿ ಎಂಬ ಹೆಸರು ಬಂತು. 1984ರಲ್ಲಿ ಮಸುವೊಕ ಇದನ್ನು ವಿಜ್ಞಾನಿಗಳ ಮುಂದಿಟ್ಟರು. ಇನ್ನೂ ಒತ್ತಾಗಿ, ಅಗ್ಗವಾಗಿ ಮಾಡಬಹುದಾದ ನ್ಯಾಂಡ್ ಎಂಬ ಬಗೆಯನ್ನು 1987ರಲ್ಲಿ ಪ್ರಕಟಿಸಿದರು. ನಿಮ್ಮ ಮನೆಯ ಮೊಬೈಲಿನಲ್ಲಿ, ಪೆನ್ ಡ್ರೈವಿನಲ್ಲಿ ಇರುವುದು ಈ ಎರಡನೆಯ ಬಗೆ. ಅವರ ಕೆಲಸಕ್ಕೆ ತಕ್ಕ ಪ್ರತಿಫಲ ಸಿಕ್ಕಿತೇ ಎಂಬುದು ಬೇರೆ ಮಾತು. ಅದಕ್ಕಾಗಿ ಅವರು 2004ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. 2006ರಲ್ಲಿ 8 ಕೋಟಿ 70 ಲಕ್ಷ ಯೆನ್‌ಗೆ ರಾಜಿಯಾಯಿತು.

ಹಳೆಯ ವೇಷ ತೊಟ್ಟ ಹೊಸಬ

ಚಿಪ್ಪುಗಳನ್ನು ಜೋಡಿಸಿ ಡಿಸ್ಕಿನ ಬದಲಿಗೆ ಇಡುವ ಸಾಧನವೇ ಸಾಲಿಡ್ ಸ್ಟೇಟ್ ಡ್ರೈವ್, ಚಿಕ್ಕದಾಗಿ ಎಸ್‌ಎಸ್‌ಡಿ. ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ಎಲಿ ಹರಾರಿ, ಜಾಕ್ ಯುವಾನ್ ಮತ್ತು ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ ಸೇರಿ ಸಂಸ್ಥೆಯೊಂದನ್ನು ಕಟ್ಟಿದರು. ಮುಂದೆ ಸ್ಯಾನ್‌ಡಿಸ್ಕ್ ಎಂದು ಹೆಸರಾದದ್ದು ಅದೇ. 1991ರಲ್ಲಿ ಅವರು ಕೊಟ್ಟ ಫ್ಲಾಶ್ ಡ್ರೈವಿನ ಸಾಮರ್ಥ್ಯ 20 ಮೆಗಾಬೈಟ್, ಬೆಲೆ ಸುಮಾರು 1,000 ಡಾಲರ್. ಮೆಗಾಬೈಟಿಗೆ 50 ಡಾಲರ್! 2008ರಲ್ಲಿ ಇಂಟೆಲ್ 80 ಗಿಗಾಬೈಟಿನ ಎಸ್‌ಎಸ್‌ಡಿಯನ್ನು ಸಗಟಿನಲ್ಲಿ 595 ಡಾಲರಿಗೆ ಕೊಟ್ಟಾಗ ಲೆಕ್ಕ ಮೆಗಾಬೈಟಿಗೆ ಒಂದು ಸೆಂಟಿಗಿಂತ ಕೆಳಗೆ ಬಂದಿತ್ತು. 2013ರಿಂದ ಕೋಶಗಳನ್ನು ಬಹುಮಹಡಿ ಕಟ್ಟಡದಂತೆ ಒಂದರ ಮೇಲೊಂದು ಜೋಡಿಸತೊಡಗಿದರು. ಆ ವರ್ಷ ಸ್ಯಾಮ್‌ಸಂಗ್ ತಯಾರಿಸಿದ ಚಿಪ್ಪಿನಲ್ಲಿ 24 ಮಹಡಿಗಳಿದ್ದವು.

ಇಲ್ಲಿ ಇನ್ನೊಂದು ಸ್ವಾರಸ್ಯಕರ ಸಂಗತಿ ಇದೆ. ಹೊಸ ಸಾಧನ ಹಳೆಯ ಪೆಟ್ಟಿಗೆಯಲ್ಲಿ ಹೇಗೆ ಕೂರುತ್ತದೆ? 2003ರಲ್ಲಿ ಡಿಸ್ಕುಗಳಿಗಾಗಿ ಸಾಟಾ ಎಂಬ ಹೊಸ ಜೋಡಣೆಯ ಕ್ರಮ ಬಂತು. ಅಗಲವಾದ ಪಟ್ಟಿಯಂಥ ಕೇಬಲ್ ಹೋಗಿ ಬೆರಳಗಲದ ಕೇಬಲ್ ಬಂತು. ಡೆಸ್ಕ್‌ಟಾಪಿನ ಮೂರೂವರೆ ಅಂಗುಲದ ಡಿಸ್ಕಿಗೂ ಲ್ಯಾಪ್‌ಟಾಪಿನ ಎರಡೂವರೆ ಅಂಗುಲದ ಡಿಸ್ಕಿಗೂ ಒಂದೇ ಬಗೆಯ ಕಿಂಡಿ. ಎಸ್‌ಎಸ್‌ಡಿ ಮಾಡಿದವರು ಅದೇ ಎರಡೂವರೆ ಅಂಗುಲದ ಆಕಾರವನ್ನೂ ಅದೇ ಕಿಂಡಿಯನ್ನೂ ಇಟ್ಟುಕೊಂಡರು. ಅಷ್ಟೇ ಅಲ್ಲ, ಹಾರ್ಡ್ ಡಿಸ್ಕಿನ ಭಾಷೆಯನ್ನೇ ಆಡಲು ಅದಕ್ಕೆ ಕಲಿಸಿದರು. ಇಂಥ ಸಂಖ್ಯೆಯ ತುಣುಕು ಕೊಡು ಎಂದು ಗಣಕ ಕೇಳಿದರೆ ಕೊಡುತ್ತದೆ. ಒಳಗೆ ತಟ್ಟೆಯೂ ಇಲ್ಲ ತೋಳೂ ಇಲ್ಲ ಎಂಬುದು ಹಳೆಯ ಗಣಕಕ್ಕೆ ಗೊತ್ತಾಗುವುದೇ ಇಲ್ಲ.

ಆದರೆ ಹಳೆಯ ಭಾಷೆಯಲ್ಲಿ ಒಂದು ಪದದ ಕೊರತೆಯಿತ್ತು. ಕಡತವೊಂದನ್ನು ಅಳಿಸಿದಾಗ "ಈ ಜಾಗ ಇನ್ನು ಬೇಡ" ಎಂದು ಡಿಸ್ಕಿಗೆ ಹೇಳುವ ಪದ್ಧತಿ ಇರಲಿಲ್ಲ. ಬರೆಯುವ ಮುನ್ನ ಒರೆಸಿ ಸಿದ್ಧವಾಗಬೇಕಾದ ಎಸ್‌ಎಸ್‌ಡಿಗೆ ಆ ಮಾತು ಅಗತ್ಯ. ಟ್ರಿಮ್ ಎಂಬ ಆ ಆದೇಶವನ್ನು 2009ರಲ್ಲಿ ಬಂದ ವಿಂಡೋಸ್ 7 ಕಲಿತುಕೊಂಡಿತು. ಲಿನಕ್ಸ್ ಕೂಡ ಅದೇ ಸುಮಾರಿನಲ್ಲಿ ಕಲಿಯಿತು.

ಮತ್ತೆ ಶಾಲೆಗೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 256 ಗಿಗಾಬೈಟಿನ ಒಂದು ಎಸ್‌ಎಸ್‌ಡಿ ಕೊಂಡು ಊರಿಗೆ ಹೋದೆ. ಬೆಲೆ ಹೊಸ ಗಣಕದ ಬೆಲೆಯಲ್ಲಿ ಒಂದು ಸಣ್ಣ ಪಾಲು.

ಮೊದಲ ಕೆಲಸ ಸ್ಕ್ರೂ ಬಿಚ್ಚುವುದಲ್ಲ, ಇರುವುದೆಲ್ಲದರ ಪ್ರತಿ ತೆಗೆದಿಡುವುದು. ಇದನ್ನು ನಾನು ಪೆಟ್ಟು ತಿಂದು ಕಲಿತವನು. ಪಿಯುಸಿಯಲ್ಲಿ ನನಗೆ ಭೌತವಿಜ್ಞಾನ ಕಲಿಸಿದ ಮೇಷ್ಟ್ರ ಜೊತೆ ಎರಡು ಗಂಟೆ ಮಾತಾಡಿ, ಅದನ್ನು ಧ್ವನಿಮುದ್ರಿಸಿಕೊಂಡಿದ್ದೆ. ಕಂಪ್ಯೂಟರಿಗೆ ಇಳಿಸಿದ ಮೇಲೆ, ಇನ್ನು ಭಯವಿಲ್ಲವೆಂದು ಅದೇ ಟೇಪಿನ ಮೇಲೆ ಬೇರೇನನ್ನೋ ಮುದ್ರಿಸಿದೆ. ಕೆಲವು ತಿಂಗಳ ನಂತರ ಒಂದು ಬೆಳಿಗ್ಗೆ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡಿ ನಿಂತಿತು. ಅದೇ ತೋಳು, ಈ ಸಲ ತನ್ನ ಜಾಗ ಹುಡುಕಲಾರದೆ ಮತ್ತೆ ಮತ್ತೆ ಬಡಿದುಕೊಳ್ಳುತ್ತಿತ್ತು. ಮತ್ತೊಮ್ಮೆ ಮಾತಾಡಿಸೋಣವೆಂದರೆ ಅಷ್ಟರಲ್ಲಿ ಮೇಷ್ಟ್ರೇ ಇರಲಿಲ್ಲ. ತಪ್ಪು ಡಿಸ್ಕಿನದಲ್ಲ, ಒಂದೇ ಪ್ರತಿಯನ್ನು ನಂಬಿದ ನನ್ನದು.

ಪ್ರತಿ ತೆಗೆದಾದ ಮೇಲಿನ ಕೆಲಸ ಸುಲಭ. ವಿದ್ಯುತ್ ತಂತಿ ಕಿತ್ತು, ಪೆಟ್ಟಿಗೆ ತೆರೆದು, ಎರಡು ಕೇಬಲ್ ಬಿಚ್ಚಿ ಎಸ್‌ಎಸ್‌ಡಿಗೆ ಜೋಡಿಸಿದೆವು. ಬಯಾಸ್‌ನಲ್ಲಿ ಸಾಟಾ ಕ್ರಮವನ್ನು ಎಎಚ್‌ಸಿಐಗೆ ಬದಲಿಸಿ, ಲಿನಕ್ಸನ್ನು ಹೊಸದಾಗಿ ಹಾಕಿದೆವು. ಹಳೆಯ ಡಿಸ್ಕನ್ನು ಎರಡನೆಯದಾಗಿ ಉಳಿಸಿಕೊಂಡೆವು. ಆ ಮದರ್‌ಬೋರ್ಡಿನ ಕಿಂಡಿ ಸೆಕೆಂಡಿಗೆ 3 ಗಿಗಾಬಿಟ್‌ನದು, ಹೊಸ ಎಸ್‌ಎಸ್‌ಡಿಯ ಅರ್ಧ ವೇಗಕ್ಕೆ ಮಾತ್ರ ಸಾಕು. ಅದರಿಂದ ನಷ್ಟವೇನೂ ಕಾಣಲಿಲ್ಲ. ನಮಗೆ ಬೇಕಿದ್ದದ್ದು ದೊಡ್ಡ ಕಡತದ ಓಟವಲ್ಲ, ಸಣ್ಣ ತುಣುಕುಗಳು ಬೇಗ ಸಿಗುವುದು. ಅದಕ್ಕೆ ಎಸ್‌ಎಸ್‌ಡಿ ತೆಗೆದುಕೊಳ್ಳುವ ಸಮಯ 0.1 ಮಿಲಿಸೆಕೆಂಡಿನ ಆಸುಪಾಸು. ನಮ್ಮ ಹಿಂದಿನ ಲೆಕ್ಕದಲ್ಲಿ ಒಂದು ವರ್ಷ ಮೂರು ತಿಂಗಳಿದ್ದದ್ದು ಮೂರೂವರೆ ದಿನವಾಯಿತು.

ಗುಂಡಿ ಒತ್ತಿದೆವು. ಆ ಹುಡುಗನ ಕೈಯಲ್ಲೇ ಗಡಿಯಾರ ಕೊಟ್ಟಿದ್ದೆ. ಕಡತ ತೆರೆದಾಗ 45 ಸೆಕೆಂಡ್ ಆಗಿತ್ತು. ಅವನು ನಂಬದೆ ಮತ್ತೆ ಮುಚ್ಚಿ ತೆರೆಸಿದ. ಪ್ರತಿ ಪೀರಿಯಡ್ಡಿನಲ್ಲೂ ಐದು ನಿಮಿಷಕ್ಕೆ ಮೇಲೆ, ಎಂದರೆ ಎಂಟರಲ್ಲಿ ಒಂದು ಪಾಲು ಮಕ್ಕಳಿಗೆ ಮರಳಿ ಸಿಕ್ಕಿತು.

ಎಲ್ಲವೂ ಬದುಕಿತೆಂದು ತಿಳಿಯಬೇಡಿ. ಎರಡು ಯಂತ್ರಗಳ ಮದರ್‌ಬೋರ್ಡೇ ಕೆಟ್ಟಿತ್ತು. ಅವನ್ನು 2022ರ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಸಂಸ್ಥೆಗೆ ಕೊಡಲು ಹೇಳಿದೆ. ಉಳಿದ ಆರರಲ್ಲಿ ಒಂದಕ್ಕೆ ಆ ದಿನ ಎಸ್‌ಎಸ್‌ಡಿ ಬಂತು. ಮಿಕ್ಕ ಐದಕ್ಕೆ ಊರಿನ ಹಳೆಯ ವಿದ್ಯಾರ್ಥಿಗಳು ಸೇರಿ ಕೊಡಿಸಿದರು. ಕಡಿಮೆ ರ‍್ಯಾಮ್ ಇದ್ದ ಯಂತ್ರ ಈಗಲೂ ಏದುಸಿರು ಬಿಡುತ್ತದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಇಷ್ಟು ಹಳೆಯ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಇಂಥ ಕೊರತೆಗಳಿಗೆ ಎಸ್‌ಎಸ್‌ಡಿ ಮದ್ದಲ್ಲ.

ಎಸ್‌ಎಸ್‌ಡಿ ಕೂಡ ಚಿರಂಜೀವಿಯಲ್ಲ. ಎಲೆಕ್ಟ್ರಾನುಗಳನ್ನು ಒಳಗೆ ತಳ್ಳುವಾಗ, ಹೊರಗೆಳೆಯುವಾಗ ಸೆರೆಮನೆಯ ಗೋಡೆ ಸವೆಯುತ್ತದೆ. ಸವೆತವನ್ನು ಎಲ್ಲ ಕೋಶಗಳಿಗೂ ಹಂಚುವ ಜಾಣತನ ಅದರ ನಿಯಂತ್ರಕ ಚಿಪ್ಪಿನಲ್ಲಿದೆ, ಹೀಗಾಗಿ ಸಾಮಾನ್ಯ ಬಳಕೆಯಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಆದರೆ ಕೆಡುವಾಗ ಟಿಕ್ ಟಿಕ್ ಎಂದು ಎಚ್ಚರಿಸುವುದಿಲ್ಲ. ವಿದ್ಯುತ್ತಿಲ್ಲದೆ ಬಹುಕಾಲ ಮೂಲೆಯಲ್ಲಿಟ್ಟರೆ ಎಲೆಕ್ಟ್ರಾನುಗಳು ಮೆಲ್ಲನೆ ಸೋರಿಹೋಗಲೂಬಹುದು. ಆದ್ದರಿಂದ ಬೇಕಾದದ್ದರ ಪ್ರತಿ ಯಾವಾಗಲೂ ಎರಡು ಕಡೆ ಇರಲಿ.

ಮಿತ್ರರೇ, ಒಂದು ವಸ್ತು ನಿಧಾನವಾಯಿತೆಂದರೆ ಅದು ಪೂರ್ತಿ ಮುದಿಯಾಯಿತೆಂದು ನಾವು ಬೇಗ ತೀರ್ಮಾನಿಸಿಬಿಡುತ್ತೇವೆ. ಎಲ್ಲಿ ನಿಧಾನ, ಯಾಕೆ ನಿಧಾನ ಎಂದು ಕೇಳುವುದು ವಿಜ್ಞಾನದ ಮೊದಲ ಪಾಠ. ನಾಳೆ ನಿಮ್ಮ ಕಂಪ್ಯೂಟರ್ ಕೊಠಡಿಗೆ ಹೋದಾಗ ಎರಡು ಕೆಲಸ ಮಾಡಿ. ಗುಂಡಿ ಒತ್ತಿದ ಕ್ಷಣದಿಂದ ಒಂದು ಕಡತ ತೆರೆಯುವವರೆಗಿನ ಸಮಯವನ್ನು ಗಡಿಯಾರ ನೋಡಿ ಬರೆದುಕೊಳ್ಳಿ. ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು, ಪ್ರೊಸೆಸರ್ ಎಷ್ಟು ದುಡಿಯುತ್ತಿದೆ, ಡಿಸ್ಕ್ ಎಷ್ಟು ದುಡಿಯುತ್ತಿದೆ ಎಂದು ನೋಡಿ. ಡಿಸ್ಕ್ ನೂರಕ್ಕೆ ನೂರು, ಪ್ರೊಸೆಸರ್ ನೂರಕ್ಕೆ ಹತ್ತು ಎಂದು ಕಂಡರೆ, ಆ ಎರಡು ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದು ನಿಮ್ಮ ಮೇಷ್ಟ್ರ ಕೈಗೆ ಕೊಡಿ. ಗುಜರಿಯವನು ಬರುವ ಮೊದಲೇ ಕೊಡಿ.